ಪ್ರಸಾದ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ: ಯಾವುದು ದೇವರ ಮಾತು?

ಪ್ರಶ್ನೆ: ಶಿರಸಿ ತಾಲ್ಲೂಕಿನ ಹಳ್ಳಿಯವಳು ನಾನು, ವಯಸ್ಸು ಐವತ್ತೇಳು. ಯಜಮಾನರು ತೀರಿಕೊಂಡು ವರ್ಷಾಂತಿಕವೂ ಮುಗಿಯಿತು. ಎರಡು ಎಕರೆ ಅಡಿಕೆ ತೋಟ, ಮಾವನವರ ಕಾಲದ ಮನೆ, ನಾನೊಬ್ಬಳೇ. ಮಗ ಬೆಂಗಳೂರಿನಲ್ಲಿದ್ದಾನೆ. ತೋಟ, ಮನೆ ಎರಡನ್ನೂ ಮಾರಿ ತನ್ನ ಜೊತೆ ಬಂದಿರು ಎನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಮಗಳನ್ನು ಕುಮಟಾಕ್ಕೆ ಕೊಟ್ಟಿದೆ. ಏನೂ ತೋಚದೆ ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದೆ, ಅಂದರೆ ಮೂರ್ತಿಗೆ ಅಂಟಿಸಿದ ಹೂವು ಯಾವ ಪಕ್ಕದ್ದು ಮೊದಲು ಬೀಳುತ್ತದೆ ಎಂದು ನೋಡಿ ದೇವರ ಮಾತು ತಿಳಿಯುವುದು. ಬಲಕ್ಕೆ ಆಯಿತು, ಅಂದರೆ ಹೋಗು ಎಂದು. ಮನೆಗೆ ಬಂದರೆ ಮನಸ್ಸಿಗೆ ಸಮಾಧಾನವಿಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿಸಿದೆ, ಎಡಕ್ಕೆ ಆಯಿತು. ಈಗ ಯಾವುದು ದೇವರ ಮಾತು? ನಾನು ಹೊರಟರೆ ಮನೆಯ ಸಾಲಿಗ್ರಾಮಕ್ಕೆ, ತೋಟ ಕಾಯುವ ದೇವತೆ ಚೌಡಿಗೆ ದೀಪ ಹಚ್ಚುವವರು ಯಾರು? ಎಲ್ಲ ಭಾರವನ್ನೂ ದೇವರ ಮೇಲೆ ಹಾಕಿದ್ದೇನೆ, ಆದರೂ ಎಷ್ಟೋ ತಿಂಗಳಿನಿಂದ ರಾತ್ರಿ ನಿದ್ದೆ ಇಲ್ಲ. ನನ್ನ ನಂಬಿಕೆಯಲ್ಲೇ ಕೊರತೆ ಇದೆಯೇ?

ಉತ್ತರ:

ಅಕ್ಕ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಉಳಿದೆಲ್ಲದಕ್ಕಿಂತ ಅದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತೆ ಕಾಣುತ್ತದೆ. ನಿಮ್ಮ ನಂಬಿಕೆಯಲ್ಲಿ ಕೊರತೆ ಇಲ್ಲ. ಕುರುಕ್ಷೇತ್ರದಲ್ಲಿ ಅರ್ಜುನನ ಮೈ ನಡುಗಿತು, ಬಾಯಿ ಒಣಗಿತು, ಗಾಂಡೀವ ಕೈಯಿಂದ ಜಾರಿತು. ಆಗ ಶ್ರೀಕೃಷ್ಣ ಎಲ್ಲೋ ವೈಕುಂಠದಲ್ಲಿ ಇರಲಿಲ್ಲ, ಅದೇ ರಥದಲ್ಲಿ ಕುದುರೆಗಳ ಲಗಾಮು ಹಿಡಿದು ಕುಳಿತಿದ್ದ. ದೇವರು ಅಷ್ಟು ಹತ್ತಿರ ಇದ್ದಾಗಲೂ ಮನುಷ್ಯನಿಗೆ ತಲ್ಲಣವಾಗುತ್ತದೆ. ಕೃಷ್ಣ ಅವನನ್ನು ಗದರಿಸಿದ್ದು ನಿಜ. ಆದರೆ ‘ನಿನಗೆ ನನ್ನ ಮೇಲೆ ನಂಬಿಕೆ ಸಾಲದು’ ಎಂದು ಕೈಬಿಡಲಿಲ್ಲ, ಹದಿನೇಳು ಅಧ್ಯಾಯಗಳಷ್ಟು ಮಾತನಾಡಿದ. ಮೂವತ್ತು ನಲವತ್ತು ವರ್ಷ ಬಾಳಿದ ಮನೆ, ಜೊತೆಗಿದ್ದವರು ಇಲ್ಲದ ಮನೆ, ಅದನ್ನು ಬಿಡುವುದೇ ಇರುವುದೇ ಎಂಬ ಪ್ರಶ್ನೆ ಎದುರಿಗಿರುವಾಗ ನಿದ್ದೆ ಹೋಗುವುದು ಭಕ್ತಿಯ ಲೋಪವಲ್ಲ.

ಇನ್ನು ಪ್ರಸಾದದ ಮಾತು. ನಮ್ಮ ಜಿಲ್ಲೆಯಲ್ಲಿ ಘಟ್ಟದ ಮೇಲೂ ಕೆಳಗೂ ಈ ರೂಢಿ ಗಟ್ಟಿಯಾಗಿದೆ, ಕ್ರಮ ಮಾತ್ರ ಊರಿಂದ ಊರಿಗೆ ಬೇರೆ. ಕೆಲವು ಕಡೆ ಮೂರ್ತಿಯ ಎರಡೂ ಪಕ್ಕಕ್ಕೆ ಹೂವು ಅಂಟಿಸುತ್ತಾರೆ. ಅಭಿಷೇಕದ ನೀರು ಇನ್ನೂ ಆರದ ಶಿಲೆಗೆ ಎಸಳು ಕಚ್ಚಿಕೊಂಡಿರುತ್ತದೆ, ದೀಪದ ಕಾವಿಗೆ ನಿಧಾನವಾಗಿ ಬಿಡುತ್ತದೆ, ಕೈಮುಗಿದು ನಿಂತವರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾರೆ. ಹೊನ್ನಾವರದ ಇಡಗುಂಜಿಯಲ್ಲಿ ಮದುವೆ ಸಂಬಂಧ ನಿಶ್ಚಯಿಸುವಾಗ ಗಣಪತಿಯ ಎರಡು ಪಾದಗಳಿಗೆ ಚೀಟಿ ಅಂಟಿಸಿ, ಬಲಪಾದದ್ದು ಮೊದಲು ಬಿದ್ದರೆ ದೇವರ ಒಪ್ಪಿಗೆ ಎಂದು ತಿಳಿಯುವ ಪದ್ಧತಿ ಇದೆ. ಇದನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಒಂದು ಮನೆಯಲ್ಲಿ ಅಣ್ಣ ಒಂದು ಹೇಳಿ ತಮ್ಮ ಇನ್ನೊಂದು ಹೇಳಿ ಮಾತು ಕೆಡುವ ಹೊತ್ತಿನಲ್ಲಿ, ದೇವರ ಎದುರು ಆದ ತೀರ್ಮಾನಕ್ಕೆ ಇಬ್ಬರೂ ತಲೆಬಾಗುತ್ತಿದ್ದರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಎಷ್ಟೋ ಮನೆಗಳನ್ನು ಒಡೆಯದಂತೆ ಕಾಪಾಡಿದ ಪದ್ಧತಿ ಅದು.

ಆದರೆ ಹಿರಿಯರು ಪ್ರಸಾದ ಕೇಳಿಸುತ್ತಿದ್ದುದು ಯಾವಾಗ ಎಂಬುದನ್ನು ನಾವು ಮರೆತಿದ್ದೇವೆ. ಜಾತಕ ನೋಡಿ, ಮನೆತನ ವಿಚಾರಿಸಿ, ಹತ್ತು ಜನರ ಹತ್ತಿರ ಮಾತನಾಡಿ, ಎರಡು ದಾರಿಗಳೂ ಸರಿಸಮ ಎಂದು ಕಂಡ ಮೇಲೆ ಕೊನೆಗೆ ದೇವರ ಮುಂದೆ ಹೋಗುತ್ತಿದ್ದರು. ವಿಚಾರ ಮಾಡುವ ಶ್ರಮವನ್ನು ತಪ್ಪಿಸಿಕೊಳ್ಳಲು ಹೋಗುತ್ತಿರಲಿಲ್ಲ. ನೀವು ಅದಕ್ಕೂ ಮೊದಲೇ ಹೋದಿರಿ ಎಂದು ನನಗೆ ಅನ್ನಿಸುತ್ತದೆ. ಇದು ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ಒಬ್ಬರೇ ಇರುವವರಿಗೆ ಕೇಳಲು ಇನ್ಯಾರಿದ್ದರು?

ಅರ್ಚಕರು ಪ್ರಾರ್ಥನೆ ಮಾಡುವಾಗ ಯಾವ ಮಾತು ಹೇಳಿಸಿದಿರಿ, ನೆನಪು ಮಾಡಿಕೊಳ್ಳಿ. ‘ಬೆಂಗಳೂರಿಗೆ ಹೋಗುವುದು ಒಳ್ಳೆಯದಾದರೆ ಬಲಕ್ಕೆ ಆಗಲಿ’ ಎಂದಿರಬೇಕು. ‘ಹೋಗುವುದು’ ಎಂಬ ಆ ಒಂದು ಮಾತಿನಲ್ಲಿ ಎಷ್ಟು ಸಂಗತಿಗಳು ಕೂಡಿಕೊಂಡಿವೆ ನೋಡಿ. ಮಗನ ಜೊತೆ ಬಾಳುವುದು ಒಂದು. ತೋಟ ಮಾರುವುದು ಇನ್ನೊಂದು. ಮನೆದೇವರ ಪೂಜೆ ಮತ್ತೊಂದು. ಯಜಮಾನರ ನೆನಪು ತುಂಬಿರುವ ಜಾಗವನ್ನು ಬಿಡುವುದು, ಹೇಳಿಕೊಳ್ಳದೇ ಉಳಿದ ಇನ್ನೂ ಒಂದು. ಮಗನ ಜೊತೆ ಇರು, ತೋಟ ಮಾತ್ರ ಮಾರಬೇಡ ಎಂಬುದು ದೇವರ ಇಚ್ಛೆಯಾಗಿದ್ದರೆ ಹೂವು ಯಾವ ಕಡೆಗೆ ಬೀಳಬೇಕಿತ್ತು? ಎರಡು ಪ್ರಸಾದಗಳಲ್ಲಿ ಯಾವುದು ನಿಜ ಎಂದು ಕೂತು ತೂಗಬೇಡಿ. ಹೌದು, ಅಲ್ಲ ಎಂಬ ಎರಡೇ ಉತ್ತರ ಹಿಡಿಯುವ ಜಾಗದಲ್ಲಿ ನಾಲ್ಕು ಪ್ರಶ್ನೆ ಇಟ್ಟಿದ್ದೀರಿ. ಈ ವಿಷಯಕ್ಕೆ ಮೂರನೆಯ ಸಲ ಕೇಳಿಸಬೇಡಿ. ಎರಡು ಸಲ ಬೇರೆ ಬೇರೆ ಆದದ್ದಕ್ಕೆ ಏನೋ ದೋಷವಿದೆ, ಶಾಂತಿ ಮಾಡಿಸಬೇಕು, ಇಷ್ಟು ಸಾವಿರ ಖರ್ಚು ಎಂದು ಹೇಳಿಕೊಂಡು ಬರುವವರು ಇರುತ್ತಾರೆ. ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗಂಡನನ್ನು ಕಳೆದುಕೊಂಡ ಹೆಂಗಸಿನ ಭಯದ ಮೇಲೆ ಹಣ ಮಾಡುವುದಕ್ಕಿಂತ ದೊಡ್ಡ ದೋಷ ನನಗೆ ಗೊತ್ತಿಲ್ಲ.

ಹಾಗಾದರೆ ದೇವರು ದಾರಿ ತೋರಿಸುವುದು ಹೇಗೆ? ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಒಂದು ಶ್ಲೋಕವಿದೆ. ಆ ರಾತ್ರಿ ಧೃತರಾಷ್ಟ್ರನಿಗೂ ನಿದ್ದೆ ಬಂದಿರಲಿಲ್ಲ, ಅದಕ್ಕೇ ವಿದುರನನ್ನು ಕರೆಸಿಕೊಂಡಿದ್ದ.

ನ ದೇವಾ ದಂಡಮಾದಾಯ ರಕ್ಷಂತಿ ಪಶುಪಾಲವತ್ ।
ಯಂ ತು ರಕ್ಷಿತುಮಿಚ್ಛಂತಿ ಬುದ್ಧ್ಯಾ ಸಂವಿಭಜಂತಿ ತಮ್ ॥

ದನ ಕಾಯುವವನಂತೆ ದೇವತೆಗಳು ಕೋಲು ಹಿಡಿದು ಹಿಂದೆ ನಿಂತು ಕಾಯುವುದಿಲ್ಲ. ಯಾರನ್ನು ಕಾಪಾಡಬೇಕೆಂದು ಬಯಸುತ್ತಾರೋ ಅವರಿಗೆ ಬುದ್ಧಿಯನ್ನು ಕೊಡುತ್ತಾರೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರ. ನಾವು ‘ದೇವರು ದಾರಿ ತೋರಿಸಲಿ’ ಎನ್ನುವಾಗ ಒಳಗೊಳಗೇ ಬಯಸುವುದು ಕೋಲನ್ನು: ಇತ್ತ ನಡೆ, ಅತ್ತ ಬೇಡ ಎಂದು ಯಾರಾದರೂ ತಿರುಗಿಸಿಬಿಡಲಿ ಎಂದು. ಅವನು ಕೊಡುವುದು ಬುದ್ಧಿಯನ್ನು, ಜೊತೆಗೆ ಮಾತನಾಡಬಲ್ಲ ನಾಲ್ಕು ಜನರನ್ನು.

ಗೀತೆಯ ಕೊನೆಗೂ ಹೀಗೇ ಆಗುತ್ತದೆ. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಕೃಷ್ಣ, ‘ಇದನ್ನು ಪೂರ್ತಿಯಾಗಿ ವಿಚಾರ ಮಾಡು, ಆಮೇಲೆ ನಿನ್ನ ಇಚ್ಛೆಯಂತೆ ಮಾಡು’ ಎನ್ನುತ್ತಾನೆ (18.63). ವಿಶ್ವರೂಪ ತೋರಿಸಿದವನು ‘ಬಿಲ್ಲು ಎತ್ತು’ ಎಂದು ಆಜ್ಞೆ ಮಾಡಿ ಮುಗಿಸಬಹುದಿತ್ತು. ಆದರೂ ತೀರ್ಮಾನವನ್ನು ಅರ್ಜುನನ ಕೈಯಲ್ಲೇ ಬಿಟ್ಟ. ಮೂರು ಶ್ಲೋಕ ಮುಂದೆ ಹೋದರೆ ‘ನನ್ನೊಬ್ಬನನ್ನೇ ಶರಣು ಹೊಂದು’ ಎಂಬ ಮಾತು ಬರುತ್ತದಲ್ಲ ಎಂದು ನೀವು ಕೇಳಬಹುದು. ಬರುತ್ತದೆ. ಆ ಶ್ಲೋಕದ ಕೊನೆಯ ಮಾತು ‘ಮಾ ಶುಚಃ’, ದುಃಖಿಸಬೇಡ ಎಂದು. ನಿನ್ನ ಬದಲು ನಾನು ಆರಿಸುತ್ತೇನೆ ಎಂದು ಅವನು ಅಲ್ಲಿಯೂ ಹೇಳಲಿಲ್ಲ. ನೀನು ವಿಚಾರ ಮಾಡಿ ಹೆಜ್ಜೆ ಇಡು, ಅದರಲ್ಲಿ ಕುಂದು ಉಳಿದರೂ ನಾನು ನಿನ್ನ ಕೈಬಿಡುವುದಿಲ್ಲ ಎಂಬ ಅಭಯ ಅದು. ಭಾರ ಹಾಕುವುದೆಂದರೆ ಆ ಅಭಯವನ್ನು ನಂಬುವುದು.

ಅದೇ ಹದಿನೆಂಟನೆಯ ಅಧ್ಯಾಯದಲ್ಲಿ, ಯಾವುದೇ ಕೆಲಸ ಕೈಗೂಡಲು ಐದು ಬೇಕು ಎಂದೂ ಇದೆ: ನೆಲೆ, ಮಾಡುವವನು, ಸಾಧನಗಳು, ಬಗೆಬಗೆಯ ಪ್ರಯತ್ನ, ‘ದೈವಂ ಚೈವಾತ್ರ ಪಂಚಮಮ್’, ಐದನೆಯದು ದೈವ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಹಿಡಿಯುವ ಮೊದಲು ನಿಮ್ಮ ಯಜಮಾನರು ಅಡಿಕೆ ಮರ ಹತ್ತುವ ಕೊನೆಗೌಡರನ್ನು ಕರೆಸಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಿದ್ದಿರಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತಿದ್ದರು. ಇಷ್ಟೆಲ್ಲ ಮಾಡಿ ಆಮೇಲೆ ದೇವರಿಗೆ ಕಾಯಿ ಇಡುತ್ತಿದ್ದರು, ಏಕೆಂದರೆ ಆಷಾಢದ ಮಳೆ ಎಷ್ಟು ಸುರಿಯುತ್ತದೆ ಎಂಬುದು ಅವರ ಕೈಯಲ್ಲಿ ಇರಲಿಲ್ಲ. ಮದ್ದು ಹೊಡೆಸಿದ್ದು ದೇವರ ಮೇಲಿನ ಅಪನಂಬಿಕೆ ಎಂದು ಆ ಮನೆಯಲ್ಲಿ ಯಾರಿಗಾದರೂ ಅನ್ನಿಸಿತ್ತೇ? ನೀವು ಈಗ ಐದನೆಯದನ್ನು ಮೊದಲು ಹಿಡಿದಿದ್ದೀರಿ. ಉಳಿದ ನಾಲ್ಕು ಇನ್ನೂ ಬಾಕಿ ಇವೆ.

ಬಾಕಿ ಇರುವುದರಲ್ಲಿ ಮೊದಲನೆಯದು ನಿಮ್ಮ ಮಗಳು. ಮಗ ಏನು ಹೇಳಿದ, ಪ್ರಸಾದ ಏನಾಯಿತು, ದೀಪ ಯಾರು ಹಚ್ಚುತ್ತಾರೆ, ಎಲ್ಲ ಬರೆದಿದ್ದೀರಿ. ಮಗಳ ಬಗ್ಗೆ ಇರುವುದು ಅವಳನ್ನು ಕುಮಟಾಕ್ಕೆ ಕೊಟ್ಟಿದೆ ಎಂಬ ಒಂದೇ ಮಾತು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ. ಅವಳನ್ನು ಕೂರಿಸಿಕೊಂಡು ‘ನಿನಗೆ ಏನು ಅನ್ನಿಸುತ್ತದೆ’ ಎಂದು ಕೇಳಿದ್ದೀರಾ? ಕೊಟ್ಟ ಹೆಣ್ಣು ಹೊರಗಿನವಳು ಎಂಬ ಹಳೆಯ ಲೆಕ್ಕವನ್ನು ಬಿಡಿ. ಧರ್ಮದ ದೃಷ್ಟಿಯಿಂದಲೂ ಅದು ಸರಿಯಲ್ಲ, ಕಾನೂನಿನ ದೃಷ್ಟಿಯಿಂದಂತೂ ಅಲ್ಲವೇ ಅಲ್ಲ. ಯಜಮಾನರು ಮರಣಪತ್ರ ಬರೆದಿಡದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಆಸ್ತಿಯಲ್ಲಿ ಹೆಂಡತಿಗೆ, ಮಗನಿಗೆ, ಮಗಳಿಗೆ ಸಮಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಅವಳ ಸಹಿ ಇಲ್ಲದೆ ತೋಟದ ಮಾರಾಟ ಚೊಕ್ಕಟವಾಗಿ ನಡೆಯುವುದಿಲ್ಲ. ಅವಳ ಮನಸ್ಸನ್ನು ತಿಳಿಯದೆ ಮಾಡಿದರೆ ಅಣ್ಣ ತಂಗಿಯ ನಡುವೆ ಉಳಿಯುವ ಕಹಿಗೆ ಯಾವ ಪ್ರಸಾದವೂ ಮದ್ದಾಗುವುದಿಲ್ಲ.

ಎರಡನೆಯದು ಕಾಗದಪತ್ರ. ಪಹಣಿ ಇನ್ನೂ ಯಜಮಾನರ ಹೆಸರಿನಲ್ಲೇ ಇದ್ದರೆ ಮಾರುವ ಮಾತು ಆಮೇಲೆ ಇರಲಿ, ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ತೋಟಕ್ಕೆ ಸೊಪ್ಪು ತರಲು ಹೊಂದಿಕೊಂಡಿರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದ ದಾಖಲೆಯನ್ನೂ ನೋಡಿ, ನಮ್ಮ ಕಡೆ ಅದು ತೋಟದ ಜೊತೆಗೇ ಹೋಗುವಂಥದ್ದು. ಪ್ರೀತಿಯ ಮಗನಿಗೇ ಆಗಲಿ, ಓದಿ ತಿಳಿಯದೆ ಮುಖತ್ಯಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿಗೆ) ಸಹಿ ಹಾಕಬೇಡಿ. ದೇವರ ವಿಷಯ ಕೇಳಿದರೆ ಇವರು ತಹಶೀಲ್ದಾರ ಕಚೇರಿಯ ಮಾತು ಆಡುತ್ತಾರಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ದುಃಖದಲ್ಲಿ ಮಂಜಾದ ಕಣ್ಣಿಗೆ ದೇವರು ಕೊಡುವ ಬೆಳಕು ಎಷ್ಟೋ ಸಲ ಒಬ್ಬ ಒಳ್ಳೆಯ ವಕೀಲರ ಮೂಲಕವೇ ಬರುತ್ತದೆ.

ಮಾರುವುದು ಮತ್ತು ಹೋಗುವುದು ಬೇರೆ ಬೇರೆ ಎಂದೆ. ಹೋದವರು ಮರಳಿ ಬರಬಹುದು, ಮಾರಿದ್ದು ಮರಳಿ ಬಾರದು. ಆದ್ದರಿಂದ ಮರಳಿ ಬರಬಹುದಾದ ಹೆಜ್ಜೆಯನ್ನು ಮೊದಲು ಇಡಿ. ಈ ಸಲ ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ, ಮಾರಾಟವೂ ಆದ ಮೇಲೆ ಮಗನ ಮನೆಗೆ ಹೋಗಿ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಲು ನಂಬಿಕೆಯ ಒಬ್ಬರನ್ನು ಗೊತ್ತು ಮಾಡಿ. ಮಳೆಗಾಲದ ಮದ್ದಿನ ಹೊತ್ತಿಗೆ ಮರಳಿ ಬನ್ನಿ. ಅಲ್ಲಿ ಅತಿಥಿಯಂತೆ ಇರಬೇಡಿ. ಸೊಸೆಯ ಅಡುಗೆಮನೆಯಲ್ಲಿ ನಿಮ್ಮ ಕೈಗೆ ಕೆಲಸ ಇದೆಯೇ, ಮಗ ಸೊಸೆ ಕಚೇರಿಗೆ ಹೋದ ಮೇಲೆ ಹಗಲು ಹೇಗೆ ಕಳೆಯುತ್ತದೆ, ಮಾತನಾಡಲು ಯಾರು ಸಿಗುತ್ತಾರೆ, ಇವನ್ನೆಲ್ಲ ಬಾಳಿ ನೋಡಿ. ಅದರ ಮುಂದಿನ ವರ್ಷ ಬೇಕಾದರೆ ಫಸಲನ್ನು ಮಾತ್ರ ಗುತ್ತಿಗೆಗೆ ಕೊಟ್ಟು ಇನ್ನೂ ಹೆಚ್ಚು ಕಾಲ ಇರಬಹುದು. ಕರಾರನ್ನು ಬರೆಸಿಕೊಳ್ಳಿ. ಭೂಮಿಯನ್ನು ಗೇಣಿಗೆ ಕೊಡುವ ಮಾತು ಬೇಡ, 1974ರ ಭೂಸುಧಾರಣೆಯ ಮೇಲೆ ಅದಕ್ಕೆ ಅವಕಾಶವಿಲ್ಲ. ಮಗನಿಗೆ ಇದನ್ನು ಹೇಳುವಾಗ ‘ನಾನು ಬರುವುದಿಲ್ಲ’ ಎಂದು ಶುರು ಮಾಡಬೇಡಿ. ‘ಬರುತ್ತೇನೆ, ಮಾರುವುದನ್ನು ಆಮೇಲೆ ನೋಡೋಣ’ ಎನ್ನಿ. ತಂದೆಯನ್ನು ಕಳೆದುಕೊಂಡವನು ಅವನೂ ಹೌದು. ಮಾರು ಎಂದು ಅವಸರ ಮಾಡುವುದರ ಹಿಂದೆ, ರಾತ್ರಿ ಫೋನ್ ಬಂದರೆ ತಾನು ಅಷ್ಟು ದೂರದಿಂದ ಹೇಗೆ ಮುಟ್ಟುವುದು ಎಂಬ ಹೆದರಿಕೆ ಇರಬಹುದು. ಅದನ್ನು ಅವನ ಬಾಯಿಂದಲೇ ಕೇಳಿ.

ಈಗ ದೀಪದ ಪ್ರಶ್ನೆ. ನೀವು ಕೇಳಿದ ಎಲ್ಲ ಪ್ರಶ್ನೆಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇದು.

ನಮ್ಮ ಕರಾವಳಿಯ ಇತಿಹಾಸವೇ ದೇವರನ್ನು ಹೊತ್ತುಕೊಂಡು ನಡೆದವರ ಇತಿಹಾಸ. ಪೋರ್ಚುಗೀಸರ ಕಾಟಕ್ಕೆ ಗೋವೆಯ ಎಷ್ಟೋ ದೇವರುಗಳು ಮೂಲಸ್ಥಾನ ಬಿಟ್ಟವು. ಕುಶಸ್ಥಳಿಯ ಮಂಗೇಶನನ್ನು 1560ರಲ್ಲಿ ನದಿ ದಾಟಿಸಿ ಪ್ರಿಯೋಳಕ್ಕೆ ತಂದರು, ಇಂದಿಗೂ ಅಲ್ಲೇ ಪೂಜೆ ನಡೆಯುತ್ತಿದೆ. ಆ ಕಾಲದಲ್ಲಿ ಹೊರಟ ಕುಟುಂಬಗಳು ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದವರೆಗೂ ಬಂದು ನೆಲೆಸಿದವು. ನಮ್ಮ ಕಾಲದಲ್ಲೇ ಕಾಳಿ ನದಿಯ ಅಣೆಕಟ್ಟೆಗೆ ಹಳೆಯ ಸೂಪಾ ಪೇಟೆ ಮುಳುಗಿ ಅಲ್ಲಿಯ ಅನೇಕರು ರಾಮನಗರಕ್ಕೆ ಹೋದರು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ನಡುವಿನ ಊರುಗಳ ಸಾವಿರಾರು ಕುಟುಂಬಗಳು ಸಮುದ್ರದಂಡೆಯನ್ನೇ ಬಿಟ್ಟವು. ಹೋಗಲೇ, ಬೇಡವೇ ಎಂದು ದೇವರನ್ನು ಕೇಳುವ ಅವಕಾಶವೂ ಅವರಿಗೆ ಸಿಗಲಿಲ್ಲ. ಅವರ ನಷ್ಟವನ್ನು ನಾನು ಹಗುರ ಮಾಡುತ್ತಿಲ್ಲ. ಆದರೂ ಹೋದಲ್ಲಿ ದೀಪ ಹಚ್ಚಿದರು, ಹಬ್ಬ ಮಾಡಿದರು, ಮಕ್ಕಳ ಮದುವೆ ಮಾಡಿದರು.

ಶಿರಸಿಯವರಾದ ನಿಮಗೆ ಇನ್ನೂ ಹತ್ತಿರದ ಮಾತು ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ದೇವಸ್ಥಾನ ಬಿಟ್ಟು ರಥವೇರಿ ಬಿಡ್ಕಿಬೈಲಿನ ಗದ್ದುಗೆಗೆ ಬಂದು ಕೂರುತ್ತಾಳೆ. ಜಾತ್ರೆ ಮುಗಿದ ಮೇಲೆ ಯುಗಾದಿಗೆ ಮರುಪ್ರತಿಷ್ಠೆ ಆಗುವವರೆಗೆ ದೇವಸ್ಥಾನದ ಪೀಠದಲ್ಲಿ ಅವಳು ಇರುವುದಿಲ್ಲ. ಅಷ್ಟು ದಿನ ಅಮ್ಮ ನಮ್ಮನ್ನು ಬಿಟ್ಟು ಹೋದಳು ಎಂದು ಶಿರಸಿಯಲ್ಲಿ ಯಾರೂ ಅನ್ನುವುದಿಲ್ಲ.

ನಿಮ್ಮ ಮನೆಯ ಮಟ್ಟಿಗೆ ಕೆಲಸ ಸರಳ. ಸಾಲಿಗ್ರಾಮ ನಿಮ್ಮ ಜೊತೆ ಬರುವ ದೇವರು. ಮಡಿವಸ್ತ್ರದಲ್ಲಿ ಸುತ್ತಿ ಕೈಯಲ್ಲೇ ಒಯ್ಯಿರಿ, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಬೇಡಿ. ಮಗನ ಮನೆಯಲ್ಲಿ ದಿನಕ್ಕೊಂದು ತುಳಸಿದಳ, ಒಂದು ಉದ್ಧರಣೆ ನೀರು, ಅಷ್ಟಾದರೂ ನಡೆಯಲಿ. ತೋಟದ ಚೌಡಿ ಜಾಗದ ದೇವರು. ಅವಳನ್ನು ಕದಲಿಸುವಂತಿಲ್ಲ, ಕದಲಿಸುವ ಅಗತ್ಯವೂ ಇಲ್ಲ. ತೋಟ ನೋಡಿಕೊಳ್ಳುವವರಿಗೇ ಸಂಜೆಯ ದೀಪವನ್ನೂ ಒಪ್ಪಿಸಿ, ಎಣ್ಣೆ ಬತ್ತಿಯ ಖರ್ಚು ಕೊಡಿ. ವರ್ಷದ ಪೂಜೆಗೆ ಮಗ, ಮಗಳು ಇಬ್ಬರೂ ಬರುವಂತೆ ನೋಡಿಕೊಳ್ಳಿ. ಹಾಗೆ ಮಾಡಿದರೆ ಚೌಡಿಗೆ ಕೋಪ ಬರುತ್ತದೆ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ತಲೆಮಾರುಗಳಿಂದ ಕಾಯ್ದವಳು ನಿಮ್ಮ ಕಷ್ಟ ತಿಳಿಯದವಳಲ್ಲ.

ಪ್ರಾರ್ಥನೆಯನ್ನು ನಿಲ್ಲಿಸಬೇಡಿ, ಅದರ ಮಾತನ್ನು ಮಾತ್ರ ಬದಲಿಸಿ. ‘ಹೋಗಲೇ, ಇರಲೇ’ ಎಂದು ದಿನವೂ ಕೇಳುವುದನ್ನು ಬಿಟ್ಟು, ‘ಇವತ್ತು ಮಾಡಬೇಕಾದ ಒಂದು ಕೆಲಸ ತಿಳಿಯುವಂತೆ ಮಾಡು, ಅದನ್ನು ಮಾಡುವ ಧೈರ್ಯ ಕೊಡು’ ಎಂದು ಕೇಳಿ. ಒಂದು ದಿನ ಮಗಳ ಜೊತೆ ಮಾತು, ಇನ್ನೊಂದು ದಿನ ಪೌತಿ ಖಾತೆಯ ಅರ್ಜಿ. ಅಷ್ಟಷ್ಟೇ ತಿಳಿಯುತ್ತದೆ, ಅಷ್ಟು ಸಾಕು. ವರ್ಷ ಕಳೆದು ಎಲ್ಲ ವಿಚಾರವೂ ಮುಗಿದು, ಮಕ್ಕಳಿಬ್ಬರೂ ಕೂತು ಮಾತನಾಡಿ, ಎರಡು ದಾರಿಗಳೂ ಸಮ ಎಂದು ಕಂಡರೆ ಆಗ ಮೂವರೂ ಒಟ್ಟಿಗೆ ದೇವಸ್ಥಾನಕ್ಕೆ ಹೋಗಿ, ಒಂದೇ ಒಂದು ಸ್ಪಷ್ಟ ಪ್ರಶ್ನೆ ಇಟ್ಟು, ಒಂದೇ ಸಲ ಪ್ರಸಾದ ಕೇಳಿಸಿ. ಆಗ ಆದದ್ದನ್ನು ಒಪ್ಪಿಕೊಳ್ಳಿ.

ಕೊನೆಗೆ ನಿದ್ದೆಯ ವಿಷಯ. ಎಷ್ಟೋ ತಿಂಗಳಿನಿಂದ ಹೀಗಿದೆ ಎಂದು ಬರೆದಿದ್ದೀರಿ. ಊಟ ಸೇರುತ್ತಿದೆಯೇ ಎಂಬುದನ್ನು ಬರೆದಿಲ್ಲ. ಇದು ಜಪ, ಪಾರಾಯಣದಿಂದಷ್ಟೇ ಸರಿಹೋಗಲಿ ಎಂದು ಕಾಯಬೇಡಿ. ಈ ವಾರವೇ ಶಿರಸಿಗೆ ಹೋಗಿ ವೈದ್ಯರಿಗೆ ತೋರಿಸಿ, ಯಜಮಾನರು ಹೋದಾಗಿನಿಂದ ಹೀಗಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಒಬ್ಬರೇ ಹೋಗಬೇಡಿ. ಹಿಂದಿನ ದಿನವೇ ಮಗಳನ್ನು ಕರೆಸಿಕೊಳ್ಳಿ.